ಪರದೆ ಮೇಲಿನ ಹಳೆಯ ಹಸಿರು

ಬ್ಯಾಡಗಿಯ ಮೆಣಸಿನಕಾಯಿ ಪೇಟೆಗೆ ಸೋಮವಾರ ಮತ್ತು ಗುರುವಾರ ವ್ಯಾಪಾರದ ದಿನ. ಸುಗ್ಗಿಯ ತಿಂಗಳುಗಳಲ್ಲಿ ಆ ಎರಡು ದಿನ ಬಂತೆಂದರೆ ರಾಣೇಬೆನ್ನೂರಿನ ಭುವನಾಗೆ ಬೆಳಗಿನ ಚಹಾ ಕೂಡ ನೆಟ್ಟಗೆ ಗಂಟಲಿಗಿಳಿಯುತ್ತಿರಲಿಲ್ಲ. ಮೇಡ್ಲೇರಿ ರಸ್ತೆಯಲ್ಲಿ ಬೀಜದ ಅಂಗಡಿಯೊಂದರ ಮೇಲಿನ ಕೋಣೆಯಲ್ಲಿ ಆಕೆ ಒಬ್ಬಳೇ ಕುಳಿತು ಸುತ್ತಲಿನ ಊರುಗಳ ಅಂಗಡಿ, ಶಾಲೆ, ಸೊಸೈಟಿಗಳಿಗೆ ವೆಬ್‌ಸೈಟ್ ಮಾಡಿಕೊಡುತ್ತಿದ್ದಳು. ಅವುಗಳಲ್ಲಿ ದೊಡ್ಡದು ಬ್ಯಾಡಗಿಯ ಶಂಭುಲಿಂಗನ ಕೋಲ್ಡ್ ಸ್ಟೋರೇಜಿನದು.

ಶಂಭುಲಿಂಗ ಆಕೆಯ ಗಂಡ ವಿಜಯಮಹಾಂತೇಶನ ಜೊತೆ ಓದಿದವನು, ಆಕೆಯನ್ನು ಅತ್ತಿಗೆಯೆಂದು ಬಗೆದು ವೈನಿ ಎಂದೇ ಕರೆಯುತ್ತಿದ್ದ. ಮೋಟೆಬೆನ್ನೂರು ರಸ್ತೆಯಲ್ಲಿ ತಂದೆ ಕಟ್ಟಿಸಿದ ಕೋಲ್ಡ್ ಸ್ಟೋರೇಜನ್ನು ಈಗ ಅವನೇ ನೋಡಿಕೊಳ್ಳುತ್ತಿದ್ದ. ರೈತರು, ದಲಾಲರು ತಮ್ಮ ಚೀಲಗಳು ಯಾವ ಚೇಂಬರಿನಲ್ಲಿವೆ, ಒಳಗೆ ಎಷ್ಟು ತಂಪಿದೆ, ಇವತ್ತಿನ ಧಾರಣೆ ಏನು ಎಂಬುದನ್ನೆಲ್ಲ ಮೊಬೈಲಿನಲ್ಲೇ ನೋಡಲಿ ಎಂದು ಅವನು ಸೈಟ್ ಮಾಡಿಸಿದ್ದ. ಆಮೇಲೆ ಅದೇ ಸೈಟಿಗೆ ಇನ್ನೊಂದು ಪುಟ ಸೇರಿತು. ಚೇಂಬರುಗಳನ್ನು ತಣ್ಣಗಿಡುವುದು ಅಮೋನಿಯಾ ಗ್ಯಾಸು. ಅದು ಸೋರಿದರೆ ಮನುಷ್ಯ ಉಸಿರು ಕಟ್ಟಿ ಬೀಳುತ್ತಾನೆ. ಚೇಂಬರುಗಳ ಮುಂದಿನ ಓಣಿಯಲ್ಲಿ ಅಮೋನಿಯಾ ಅಳೆಯುವ ಸೆನ್ಸರುಗಳಿದ್ದವು. ಅವು ಕಳಿಸುವ ಅಂಕಿಗಳು ಭುವನಾಳ ಸರ್ವರಿಗೆ ಬಂದು, ಆ ಪುಟದಲ್ಲಿ ಒಂದು ದೊಡ್ಡ ಬಣ್ಣದ ಗುಂಡಾಗಿ ಕಾಣುತ್ತಿದ್ದವು. ಹಸಿರಿದ್ದರೆ ಒಳಗೆ ಹೋಗಬಹುದು, ಕೆಂಪಾದರೆ ಹೊರಗೆ ಓಡಬೇಕು. ಶಂಭುಲಿಂಗ ವರಾಂಡದ ಗೋಡೆಗೆ ಒಂದು ಟಿವಿ ಹಾಕಿಸಿ ಆ ಪುಟ ಸದಾ ತೆರೆದಿರುವಂತೆ ಮಾಡಿದ್ದ. ಹಮಾಲರು ಒಳಗೆ ಹೋಗುವ ಮುನ್ನ ಅದನ್ನು ನೋಡಬೇಕು, ಮಷಿನ್ ರೂಮಿನ ಆಪರೇಟರ್ ಶಾಕೀರ ಹೂಂ ಅನ್ನಬೇಕು. ಹೀಗೆ ಪದ್ಧತಿ.

ವ್ಯಾಪಾರದ ದಿನ ಸಾವಿರಾರು ಜನ ಒಟ್ಟಿಗೆ ಧಾರಣೆ ನೋಡಲು ಬಂದರೆ ಸೈಟ್ ಆಮೆಯಾಗುತ್ತಿತ್ತು. ಅದಕ್ಕೆಂದೇ ಭುವನಾ ಈ ವರ್ಷ ಒಂದು ಕ್ಯಾಶಿಂಗ್ ಸೇವೆ ತೆಗೆದುಕೊಂಡಳು. ಅದು ಸೈಟಿನ ಮುಂದೆ ಬಾಗಿಲಲ್ಲಿ ನಿಂತ ಆಳಿನ ಹಾಗೆ. ಪುಟದ ಒಂದು ಪ್ರತಿಯನ್ನು ತನ್ನ ಬಳಿ ಇಟ್ಟುಕೊಂಡು ಕೇಳಿದವರಿಗೆಲ್ಲ ಅದನ್ನೇ ಕೊಡುತ್ತದೆ, ಒಳಗಿನ ಸರ್ವರನ್ನು ಪದೇಪದೇ ಎಬ್ಬಿಸುವುದಿಲ್ಲ. ಗ್ಯಾಸ್ ಪುಟದ ಪ್ರತಿಯನ್ನು ಕೆಲವೇ ಸೆಕೆಂಡುಗಳಿಗಿಂತ ಹೆಚ್ಚು ಇಟ್ಟುಕೊಳ್ಳಬಾರದೆಂದು ಭುವನಾ ಮೊದಲ ದಿನವೇ ಸೇವೆಗೆ ಹೇಳಿಟ್ಟಿದ್ದಳು. ಅಷ್ಟರ ಮಟ್ಟಿಗೆ ಆಕೆ ಜಾಗ್ರತೆಯ ಹೆಂಗಸೇ.

ಮೊದಮೊದಲು ಎಲ್ಲ ನೀರು ಕುಡಿದ ಹಾಗೆ ನಡೆಯಿತು. ಆಮೇಲೆ ಒಂದು ಸೋಮವಾರ ಶಂಭುಲಿಂಗನ ಫೋನು ಬಂತು.

"ವೈನಿ, ಸೈಟ್ ತೆರೀವಲ್ದ್ರಿ. ಬಿಳೇ ಹಾಳಿ ಬಂದು ಟೈಮ್‌ಔಟ್ ಅಂತ ತೋರಸಾಕತ್ತೈತಿ."

ಭುವನಾ ತನ್ನ ಕಂಪ್ಯೂಟರಿನಲ್ಲಿ ನೋಡಿದಳು. ಮೊದಲ ಸಲ ತೆರೆಯಿತು. ಎರಡನೆಯ ಸಲ ಪುಟ ತಿರುಗುತ್ತ ತಿರುಗುತ್ತ ನಿಂತು, ಒಳಗಿನ ಸರ್ವರ್ ಸಮಯಕ್ಕೆ ಉತ್ತರ ಕೊಡಲಿಲ್ಲ ಎಂದು ಕೈಯೆತ್ತಿತು. ಆದರೆ ಸರ್ವರಿನೊಳಗೆ ಹೋಗಿ ನೋಡಿದರೆ ಅದು ಆರಾಮಾಗಿ ಕುಳಿತಿತ್ತು, ಏದುಸಿರೂ ಇಲ್ಲ. ಮಂಗಳವಾರ ಎಲ್ಲ ಸರಿಯಿತ್ತು, ಬುಧವಾರವೂ. ಗುರುವಾರ ಮತ್ತೆ ಅದೇ ರೋಗ.

ಆ ಎರಡು ವಾರ ಆಕೆ ಮಾಡದ ಉಪಾಯವಿಲ್ಲ. ಸರ್ವರಿನ ಮೆಮೊರಿ ಹೆಚ್ಚಿಸಿದಳು. ಕಾಯುವ ಅವಧಿಯನ್ನು ಹಿಗ್ಗಿಸಿದಳು, ಜನ ಇನ್ನೂ ಹೆಚ್ಚು ಹೊತ್ತು ಕಾದು ಅದೇ ಬಿಳಿ ಹಾಳೆ ನೋಡುವಂತಾಯಿತು. ಸರ್ವರ್ ಬಾಡಿಗೆಗೆ ಕೊಟ್ಟವರಿಗೆ ಬರೆದರೆ ನಮ್ಮ ಕಡೆ ತೊಂದರೆಯಿಲ್ಲ ಅಂದರು. ಕ್ಯಾಶಿಂಗ್ ಸೇವೆಯವರಿಗೆ ಬರೆದರೆ ನಿಮ್ಮ ಸರ್ವರ್ ಉತ್ತರಿಸುತ್ತಿಲ್ಲ ಅಂದರು. ಇಬ್ಬರೂ ಹೇಳಿದ್ದು ಖರೆಯೇ ಆಗಿತ್ತು, ಅದು ಆಕೆಗೆ ಆಮೇಲೆ ತಿಳಿಯಿತು.

ಮೂರನೆಯ ವಾರದ ಸೋಮವಾರ ಶಂಭುಲಿಂಗ ಸಂಯಮ ಕಳೆದುಕೊಂಡ. "ಆಂಧ್ರದಿಂದ ಖರೀದಿದಾರರು ಬಂದು ನನ್ನ ಎದುರಿಗೆ ಕುಂತಾರ್ರಿ. ಮೊಬೈಲ್ ತೋರಿಸಿ ನಗಾಕತ್ತಾರ. ನೀವು ಅದೇನೋ ಹೊಸಾದು ಹಾಕಿದ ಮ್ಯಾಲ ಇದು ಸುರುವಾತು. ಹಾಕಾಕ ಬಂದೋರಿಗೆ ತಗ್ಯಾಕ ಬರಂಗಿಲ್ಲೇನ್ರಿ?"

"ತಗದ್ರ ಮತ್ತ ಸೈಟ್ ಮಲಗತೈತಿ ಅಣ್ಣಾರ. ಇವತ್ತೊಂದು ದಿನ ತಡ್ಕೊರ್ರಿ."

"ಮಧ್ಯಾಹ್ನದೊಳಗ ಏನರ ಮಾಡ್ರಿ. ನನ್ನ ಮಾನ ಉಳಸ್ರಿ."

ಆಗ ಆಕೆಯ ಕಣ್ಣಿಗೆ ಆ ಸೇವೆಯ ಪುಟದಲ್ಲಿ ಒಂದು ಆಯ್ಕೆ ಬಿತ್ತು. ಒಳಗಿನ ಸರ್ವರ್ ಉತ್ತರಿಸದೆ ಹೋದರೆ ತಪ್ಪಿನ ಹಾಳೆಯನ್ನು ತೋರಿಸಬೇಡ, ಕೊನೆಯದಾಗಿ ಸಿಕ್ಕಿದ್ದ ಹಳೆಯ ಪ್ರತಿಯನ್ನೇ ತೋರಿಸು ಎನ್ನುವ ಆಯ್ಕೆ. ಭುವನಾ ಅದನ್ನು ಒತ್ತಿದಳು. ಇಡೀ ಸೈಟಿಗೆ ಒತ್ತಿದಳು.

ಬಿಳಿ ಹಾಳೆ ಮಾಯವಾಯಿತು. ಧಾರಣೆ ತುಸು ಹಳೆಯದಿದ್ದರೂ ಪುಟ ತಟಕ್ಕನೆ ತೆರೆಯತೊಡಗಿತು. ಶಂಭುಲಿಂಗ ಫೋನು ಮಾಡಿ ನಕ್ಕ. "ಭೇಷ್ ವೈನಿ, ಈಗ ಕುದುರಿ ಓಡಿದಂಗ ಓಡಾಕತ್ತೈತಿ ನೋಡ್ರಿ." ಆಕೆಯೂ ಎಷ್ಟೋ ದಿನಗಳ ಮೇಲೆ ನೆಮ್ಮದಿಯಿಂದ ಡಬ್ಬಿ ಬಿಚ್ಚಿ ರೊಟ್ಟಿ ತಿಂದಳು. ರೋಗದ ಮೂಲ ಇನ್ನೂ ಸಿಕ್ಕಿಲ್ಲ, ಇದು ಬರೀ ಮುಲಾಮು ಎಂಬುದು ಗೊತ್ತಿತ್ತು. ನಾಳೆ ಹುಡುಕಿದರಾಯಿತು ಅಂದುಕೊಂಡಳು. ಗ್ಯಾಸ್ ಪುಟ ಆಕೆಯ ತಲೆಗೆ ಬರಲೇ ಇಲ್ಲ. ಅದಕ್ಕೆ ಹಾಕಿಟ್ಟ ಕೆಲವು ಸೆಕೆಂಡುಗಳ ನಿಯಮವನ್ನು ಈ ಹೊಸ ಆಯ್ಕೆ ಮೀರುತ್ತದೆ ಎಂದು ಹೊಳೆಯಲಿಲ್ಲ. ಮರುದಿನ ಒಂದು ಶಾಲೆಯ ಕೆಲಸ ಬಂತು, ಅದರ ಮರುದಿನ ಗಂಡನ ಅಕ್ಕನ ಮನೆಯಲ್ಲಿ ಸೀಮಂತ.

ಗುರುವಾರ ಬೆಳಗ್ಗೆ ಆಕೆ ಹಟ ಹಿಡಿದು ಕುಳಿತಳು. ಹೊಸದಾಗಿ ಏನೂ ಮಾಡದೆ, ಒಂದು ಕೋರಿಕೆ ಬ್ಯಾಡಗಿಯ ಮೊಬೈಲಿನಿಂದ ಹೊರಟು ತನ್ನ ಸರ್ವರಿಗೆ ಹೇಗೆ ಬಂದು ಮುಟ್ಟುತ್ತದೆ ಎಂದು ಹೆಜ್ಜೆ ಹಿಡಿದು ನೋಡತೊಡಗಿದಳು. ಹಾಗೆ ನೋಡುತ್ತ ಸರ್ವರಿನ ಕಾವಲಿಗೆ ಬಂದು ನಿಂತಳು. ಸರ್ವರಿಗೆ ಆಕೆಯೇ ಹಿಂದೆ ಒಂದು ಕಾವಲು ಪ್ರೋಗ್ರಾಂ ಹಾಕಿದ್ದಳು. ಯಾವನಾದರೂ ಕಿಡಿಗೇಡಿ ಒಂದೇ ಕಡೆಯಿಂದ ನೂರಾರು ಸಲ ಬಾಗಿಲು ಬಡಿದರೆ ಅವನನ್ನು ಹೊರಗೆ ತಳ್ಳಿ ಅಗಳಿ ಹಾಕುವುದು ಅದರ ಕೆಲಸ. ಮೊದಲು ಜನರೆಲ್ಲ ತಮ್ಮತಮ್ಮ ಫೋನುಗಳಿಂದ ನೇರ ಬರುತ್ತಿದ್ದರು. ಈಗ ಎಲ್ಲರ ಪರವಾಗಿ ಬರುತ್ತಿದ್ದದ್ದು ಕ್ಯಾಶಿಂಗ್ ಸೇವೆಯ ಬೆರಳೆಣಿಕೆಯ ವಿಳಾಸಗಳು. ವ್ಯಾಪಾರದ ದಿನ ಗದ್ದಲ ಹೆಚ್ಚಾದಾಗ ಕಾವಲು ಅವನ್ನೇ ಕಿಡಿಗೇಡಿ ಎಂದು ತಿಳಿದು ಬಾಗಿಲು ಹಾಕುತ್ತಿತ್ತು. ಉತ್ತರವೂ ಕೊಡುತ್ತಿರಲಿಲ್ಲ, ಇಲ್ಲ ಎಂದೂ ಹೇಳುತ್ತಿರಲಿಲ್ಲ. ಹೊರಗಿನವನು ಕಾದು ಕಾದು ಟೈಮ್‌ಔಟ್ ಎಂದು ಹೋಗುತ್ತಿದ್ದ.

ಭುವನಾಗೆ ಕುರ್ಚಿಯಿಂದ ಎದ್ದು ಕುಣಿಯಬೇಕು ಅನ್ನಿಸಿತು. ಇಷ್ಟೇನಾ! ಎಂದು ಜೋರಾಗಿಯೇ ಅಂದಳು. ಆ ವಿಳಾಸಗಳನ್ನು ನಮ್ಮವರು ಎಂದು ಕಾವಲಿಗೆ ಬರೆದುಕೊಟ್ಟಳು. ಬೆಳಗಿನಿಂದ ಬಿದ್ದಿದ್ದ ಅಗಳಿ ತೆರೆಯಿತು. ಸೈಟಿನ ಪುಟಗಳನ್ನು ಒಂದೊಂದಾಗಿ ತೆರೆದು ಪರೀಕ್ಷಿಸಿದಳು. ಧಾರಣೆ ಬಂತು, ಚೇಂಬರುಗಳ ತಂಪು ಬಂತು. ಗ್ಯಾಸ್ ಪುಟ ತೆರೆದಳು.

ಅದು ಕೆಂಪಾಗಿತ್ತು.

ಮೊದಲು ಆಕೆ ತನ್ನ ಬದಲಾವಣೆಯಿಂದಲೇ ಏನೋ ಕೆಟ್ಟಿದೆ ಎಂದುಕೊಂಡಳು. ಪುಟವನ್ನು ಮತ್ತೆ ತೆರೆದಳು. ಕೆಂಪು ಹಾಗೆಯೇ ಇತ್ತು, ಕೆಳಗಿನ ಅಂಕಿ ಮೊದಲಿಗಿಂತ ಮೇಲೇರಿತ್ತು. ಸೆನ್ಸರುಗಳ ಅಂಕಿ ಕ್ಯಾಶಿಂಗ್ ಸೇವೆಯ ಮೂಲಕ ಬರುತ್ತಿರಲಿಲ್ಲ, ನೇರವಾಗಿ ಸರ್ವರಿಗೆ ಬಂದು ಬೀಳುತ್ತಿತ್ತು. ಆಕೆ ಹಿಂದಿನ ಅಂಕಿಗಳನ್ನು ನೋಡಿದಳು. ಮೂರನೇ ಚೇಂಬರಿನ ಮುಂದೆ ಅಮೋನಿಯಾ ಸೋರತೊಡಗಿ ಅರ್ಧ ಗಂಟೆಯ ಮೇಲಾಗಿತ್ತು. ಅಷ್ಟೂ ಹೊತ್ತು ವರಾಂಡದ ಟಿವಿಯಲ್ಲಿ ಬೆಳಗಿನ ಹಳೆಯ ಪುಟ ಹಸಿರಾಗಿ ನಿಂತಿತ್ತು.

ಶಂಭುಲಿಂಗನಿಗೆ ಫೋನು ಮಾಡಿದಳು. ಎತ್ತಲಿಲ್ಲ. ಶಾಕೀರನಿಗೆ ಮಾಡಿದಳು. ರಿಂಗಾಗುತ್ತಲೇ ಇತ್ತು. ಆಫೀಸಿನ ನಂಬರಿಗೆ ಮಾಡಿದಾಗ ಯಾರೋ ಎತ್ತಿದರು, ಆದರೆ ಮಾತಾಡಲಿಲ್ಲ. ಹಿಂದೆ ಹೆಂಗಸರು ಅಳುವುದು, ಒಬ್ಬ ಗಂಡಸು "ನೀರು ತರ್ರೋ, ನೀರು" ಎಂದು ಚೀರುವುದು ಕೇಳಿತು.

ಸ್ಕೂಟರ್ ಹತ್ತಿ ಮೋಟೆಬೆನ್ನೂರಿನವರೆಗೆ ಹೆದ್ದಾರಿಯಲ್ಲಿ ಹೇಗೆ ಹೋದಳೋ ಆಕೆಗೆ ನೆನಪಿಲ್ಲ. ಅಲ್ಲಿಂದ ಬ್ಯಾಡಗಿಯ ಕಡೆ ತಿರುಗಿದ ಮೇಲೆ ಮೆಣಸಿನಕಾಯಿ ಚೀಲ ಹೇರಿದ ಲಾರಿಗಳು ಸಾಲಾಗಿ ನಿಂತಿದ್ದವು. ಕೋಲ್ಡ್ ಸ್ಟೋರೇಜಿನ ಗೇಟಿನ ಹೊರಗೆ ಜನ ಮೂಗಿಗೆ ಸೆರಗು, ಟವೆಲ್ ಹಿಡಿದು ನಿಂತಿದ್ದರು. ತೊಟ್ಟು ಬಿಡಿಸುವ ಹೆಂಗಸರು ಗೋಡೆಗೆ ಒರಗಿ ಕೆಮ್ಮುತ್ತಿದ್ದರು. ಆ ಊರಿನಲ್ಲಿ ಸುಗ್ಗಿಯ ಕಾಲಕ್ಕೆ ಕೆಮ್ಮು ಯಾರಿಗೂ ಹೊಸದಲ್ಲ, ಗಾಳಿಯಲ್ಲೇ ಖಾರ ಇರುತ್ತದೆ. ಒಳಗೆ ಸೋರುತ್ತಿದ್ದ ವಾಸನೆಯನ್ನು ಯಾರೂ ಬೇಗ ಗುರುತಿಸದೆ ಇದ್ದದ್ದಕ್ಕೆ ಅದೂ ಒಂದು ಕಾರಣ.

ಆದದ್ದು ಇಷ್ಟು. ಮೂರನೇ ಚೇಂಬರಿನಿಂದ ಒಬ್ಬ ದಲಾಲರ ಚೀಲಗಳನ್ನು ತೆಗೆಯಬೇಕಿತ್ತು. ಹಮಾಲ ಮೈಲಾರೆಪ್ಪ ವರಾಂಡದಲ್ಲಿ ನಿಂತು ಟಿವಿ ನೋಡಿದ, ಶಾಕೀರನ ಕಡೆ ನೋಡಿದ. ಶಾಕೀರನೂ ಟಿವಿ ನೋಡಿ ಹೂಂ ಅಂದ. ಮೈಲಾರೆಪ್ಪ ತಲೆಗೆ ಗೋಣಿ ಹಾಕಿಕೊಂಡು ಎಲ್ಲರಿಗಿಂತ ಮುಂದೆ ಓಣಿಗೆ ಹೋದ. ಅವನು ಚೇಂಬರಿನ ಬಾಗಿಲ ಹತ್ತಿರ ಹೋದಾಗಲೇ ಮೇಲಿನ ವಾಲ್ವಿನ ಸಂದಿ ಪೂರ್ತಿ ಬಿಟ್ಟುಕೊಂಡಿತು. ಹಿಂದಿದ್ದವರು ಓಡಿ ಹೊರಗೆ ಬಂದರು. ಅವನು ಬರಲಿಲ್ಲ. ಶಾಕೀರ ಮುಖಕ್ಕೆ ತೊಯ್ದ ಬಟ್ಟೆ ಸುತ್ತಿಕೊಂಡು ಒಳಗೆ ನುಗ್ಗಿ, ವಾಲ್ವ್ ತಿರುಗಿಸಿ, ಮೈಲಾರೆಪ್ಪನ ಕಾಲು ಹಿಡಿದು ಎಳೆದುಕೊಂಡು ಬಂದ. ಅಷ್ಟರಲ್ಲಿ ಹಮಾಲನ ಉಸಿರು ನಿಂತಿತ್ತು. ಇಬ್ಬರನ್ನೂ ಹಾವೇರಿಗೆ ಒಯ್ದಿದ್ದರು.

ಭುವನಾ ವರಾಂಡದ ಕಡೆ ನೋಡಿದಳು. ಟಿವಿ ಕೆಂಪಗೆ ಉರಿಯುತ್ತಿತ್ತು. ಪಕ್ಕದಲ್ಲಿದ್ದ ಒಬ್ಬ ಮುದುಕ ಹಮಾಲ ಅದನ್ನೇ ನೋಡುತ್ತ, "ಈಗ ಕೆಂಪಾಗೈತಿ ಸೂಳಿಮಗಂದು, ಮನಿಷಾ ಸತ್ತ ಮ್ಯಾಲ" ಅಂದ.

ಮರುದಿನ ಆಕೆ ಹಾವೇರಿಯ ಆಸ್ಪತ್ರೆಗೆ ಹೋದಳು. ಶಾಕೀರನ ಎರಡೂ ಕಣ್ಣಿಗೆ ಪಟ್ಟಿ ಕಟ್ಟಿದ್ದರು. ಅವನ ಹೆಂಡತಿಯ ತಮ್ಮ ಜಹೀರ ಬಾಗಿಲಲ್ಲಿ ನಿಂತಿದ್ದ. ಪೊಲೀಸರು ಬೆಳಗ್ಗೆಯೇ ಬಂದು ಹೋದರೆಂದು ಅವನು ಹೇಳಿದ. ಆಪರೇಟರ್ ಟಿವಿ ನೋಡದೆ ಹಮಾಲನನ್ನು ಒಳಗೆ ಕಳಿಸಿದ, ಅವನ ನಿರ್ಲಕ್ಷ್ಯದಿಂದಲೇ ಸಾವಾಯಿತು ಎಂದು ಶಂಭುಲಿಂಗ ಹೇಳಿಕೆ ಕೊಟ್ಟಿದ್ದ. ಟಿವಿ ಕೆಂಪಾಗಿತ್ತು ಎಂದು ಹೇಳಲು ಹತ್ತಾರು ಸಾಕ್ಷಿಗಳೂ ಇದ್ದರು. ಅವರೆಲ್ಲ ಟಿವಿಯನ್ನು ನೋಡಿದ್ದು ಮೈಲಾರೆಪ್ಪನನ್ನು ಹೊರಗೆ ಎಳೆದ ಮೇಲೆ.

ಶಾಕೀರ ದನಿಯಿಂದಲೇ ಆಕೆಯನ್ನು ಗುರುತು ಹಿಡಿದ. "ಮೇಡಂರ, ಬಂದ್ರೇನ್ರಿ? ನಾ ನೋಡಿದ್ನಿರಿ. ನೋಡೇ ಹೂಂ ಅಂದೆ. ಹಸ್ರು ಇತ್ತು."

ಭುವನಾ ಮಂಚದ ಕಬ್ಬಿಣ ಹಿಡಿದು ನಿಂತಳು.

"ಎಲ್ಲಾರೂ ಕೆಂಪ ಇತ್ತು ಅಂತಾರ. ಹತ್ತು ಮಂದಿ ಅಂದ್ರ ನಾ ಒಬ್ಬಾಂವ ಹೆಂಗ ಅಲ್ಲ ಅನ್ಲಿ? ರಾತ್ರಿ ಪಾಳಿ ಮಾಡಿ ಹಂಗ ಕುಂತಿದ್ದೆ. ಕಣ್ಣಿಗೆ ಜೊಂಪು ಬಂದಿತ್ತೋ ಏನೋ. ನನಗ ಹಸ್ರು ಕಂಡಿದ್ದು ಖರೇನೋ ಸುಳ್ಳೋ, ಈಗ ನನಗ ತಿಳೀವಲ್ದು." ಅವನು ಮುಖವನ್ನು ಆಕೆಯ ಕಡೆ ಹೊರಳಿಸಿ, "ಸೈರನ್ ಇದ್ದಿದ್ರ ಬಡ್ಕೋತಿತ್ರಿ. ಟಿವಿ ಬಂದ ಮ್ಯಾಲ ಸಾವ್ಕಾರ್ರು ಅದರ ವೈರ್ ತಗಸಿದ್ರು. ಸುಮ್ ಸುಮ್ಕ ಕೂಗತೈತಿ, ಗಿರಾಕಿ ಹೆದರ್ತಾರ ಅಂತ" ಅಂದ.

ಸೈರನ್ ತೆಗೆಸಿದ್ದು ಭುವನಾಗೆ ಗೊತ್ತಿರಲಿಲ್ಲ. ನೀವು ನೋಡಿದ್ದು ಖರೆ, ಅದು ಹಸಿರೇ ಇತ್ತು, ಹಸಿರಾಗಿ ಇಟ್ಟವಳು ನಾನು ಎಂದು ಹೇಳಬೇಕೆಂದು ಬಾಯಿ ತೆರೆದಳು. ಜಹೀರ ನೋಡುತ್ತಿದ್ದ. ಪಕ್ಕದ ಮಂಚದವರೂ ನೋಡುತ್ತಿದ್ದರು. "ಆರಾಮಾಗ್ರಿ ಶಾಕೀರಣ್ಣ" ಎಂದಷ್ಟೇ ಹೇಳಿ ಹೊರಗೆ ಬಂದಳು.

ಗೇಟಿನ ಹತ್ತಿರ ಶಂಭುಲಿಂಗನ ಕಾರು ನಿಂತಿತ್ತು. ಅವನೇ ಬಾಗಿಲು ತೆರೆದು ಒಳಗೆ ಕರೆದ. ಒಂದೇ ದಿನಕ್ಕೆ ಅವನ ಮುಖ ಇಳಿದುಹೋಗಿತ್ತು. ಟಿವಿ ಯಾಕೆ ಹಾಗೆ ಮಾಡಿತು ಎಂದು ಕೇಳಿದ. ಭುವನಾ ಎಲ್ಲವನ್ನೂ ಹೇಳಿದಳು. ಕಾವಲು ಬಾಗಿಲು ಹಾಕಿದ್ದು, ತಾನು ಸೋಮವಾರ ಒತ್ತಿದ ಆಯ್ಕೆ, ಹಳೆಯ ಪುಟ. ಅವನು ಕಾರಿನ ಗಾಜು ಏರಿಸಿದ.

"ಇದನ್ನ ಯಾರ ಮುಂದರ ಅಂದೀರೇನ್ರಿ?"

"ಇಲ್ಲ."

"ಅನಬ್ಯಾಡ್ರಿ. ಟಿವಿ ಸುಳ್ಳು ತೋರಿಸ್ತು ಅಂದ್ರ, ಹಂಗಾರ ಸೈರನ್ ಯಾಕ ಇದ್ದಿದ್ದಿಲ್ಲ ಅಂತ ಮುಂದಿನ ಮಾತು ಬರತೈತಿ. ನಾನೂ ಹೋಗ್ತೇನಿ, ನೀವೂ ಹೋಗ್ತೀರಿ."

"ಶಾಕೀರಣ್ಣ?"

"ಅವನ ಮನಿ ನಾ ನೋಡ್ಕೋತೇನಿ. ವಕೀಲರನ್ನ ನಾನ ಹಿಡೀತೇನಿ. ಜಾಮೀನು ಆಕ್ಕೈತಿ. ಸತ್ತಾಂವ ಏನು ತಿರುಗಿ ಬರ್ತಾನೇನ್ರಿ ವೈನಿ?" ಅವನ ದನಿ ಒಡೆದಿತ್ತು. "ಮೈಲಾರೆಪ್ಪ ನಮ್ಮಪ್ಪನ ಕಾಲದಿಂದ ಇದ್ದಾಂವ. ನಾ ಸಣ್ಣಾಂವಿದ್ದಾಗ ಹೆಗಲ ಮ್ಯಾಲ ಕುಂದ್ರಿಸಿಕೊಂಡು ಪ್ಯಾಟಿ ತೋರಿಸ್ಯಾನ. ನನಗ ಹೊಟ್ಟಿ ಉರಿಯಂಗಿಲ್ಲ ಅಂತ ತಿಳೀಬ್ಯಾಡ್ರಿ."

ಮನೆಗೆ ಬಂದು ಗಂಡನ ಮುಂದೆ ಹೇಳಿದಳು. ವಿಜಯಮಹಾಂತೇಶ ಕಾಲೇಜಿನಲ್ಲಿ ಪಾಠ ಹೇಳುವವನು, ಸಾವಧಾನದ ಮನುಷ್ಯ. ಕೇಳಿಸಿಕೊಂಡು ಅವನು ಹಣೆಗೆ ಕೈ ಹಚ್ಚಿ ಕುಳಿತ.

"ನೀ ಬೇಕಂತ ಮಾಡಿಲ್ಲ" ಅಂದ.

"ಬೇಕಂತ ಯಾರ ಮಾಡ್ಯಾರ್ರಿ? ಶಂಭುಲಿಂಗಣ್ಣನೂ ಬೇಕಂತ ವೈರ್ ತಗಸಿಲ್ಲ."

"ಒಂದೆರಡು ದಿನ ತಡಿ. ವಕೀಲರನ್ನ ಕೇಳೂಣು. ಅವರು ಹೆಂಗ ಹೇಳ್ತಾರ ಹಂಗ ಹೇಳಿಕಿ ಕೊಡು."

"ಎರಡು ದಿನದಾಗ ಅಂವ ಖರೇನ ತಾ ನೋಡಿಲ್ಲ ಅಂತ ಒಪ್ಪಿ ಬಿಡ್ತಾನ. ಈಗ ಅರ್ಧ ಒಪ್ಯಾನ. ನಾ ಅವನ ಎದುರಿಗೇ ನಿಂತಿದ್ದೆ, ಬಾಯಿ ಬಿಡಲಿಲ್ಲ." ಆಗ ಆಕೆಗೆ ಮೊದಲ ಬಾರಿಗೆ ಅಳು ಬಂತು. ವಿಜಯಮಹಾಂತೇಶ ಎದ್ದು ಒಂದು ಲೋಟ ನೀರು ತಂದಿಟ್ಟ. ಬೆಳಗಾದ ಮೇಲೆ, "ನಡಿ, ನಾನೂ ಬರ್ತೇನಿ" ಅಂದ.

ಹಾವೇರಿಯಲ್ಲಿ ತನಿಖೆ ಮಾಡುತ್ತಿದ್ದ ಅಧಿಕಾರಿ ಬೀರಲಿಂಗಪ್ಪ ವಯಸ್ಸಾದವರು. ಆಕೆ ಹೇಳಿದ್ದನ್ನು ಬರೆದುಕೊಳ್ಳಲು ಅವರು ಪೆನ್ನು ತೆಗೆದರು, ಸ್ವಲ್ಪ ಬರೆದು ನಿಲ್ಲಿಸಿದರು.

"ನಿಧಾನಕ್ಕ ಹೇಳ್ರಿ ತಂಗಿ. ಸೈಟ್ ಕೆಟ್ಟಿತ್ತು?"

"ಹೌದ್ರಿ."

"ನೀವು ಅದನ್ನ ಸುಧಾರಸಾಕ ಹೋದ್ರಿ."

"ಸುಧಾರಸಲಿಲ್ಲರಿ. ಕೆಟ್ಟಿದ್ದು ಕಾಣದಂಗ ಮಾಡಿದೆ. ಬಿಳೇ ಹಾಳಿ ಬಂದಿದ್ರ ಟಿವಿ ಕೆಟ್ಟೈತಿ ಅಂತ ಅವರಿಗೆ ತಿಳೀತಿತ್ತು, ಯಾರೂ ಒಳಗ ಹೋಗ್ತಿದ್ದಿಲ್ಲ. ನಾ ಆ ಜಾಗಾದಾಗ ಹಳೇ ಹಸಿರು ಬರೂಹಂಗ ಮಾಡಿದೆ."

"ಹಳೇದು ಅಂತ ಗೊತ್ತಾಗಾಕ ಏನೂ ಇದ್ದಿದ್ದಿಲ್ಲೇನು?"

"ಕೆಳಗ ಟೈಮು ಬರೀತದ್ರಿ. ಸಣ್ಣ ಅಕ್ಷರ. ವರಾಂಡದಾಗ ನಿಂತೋರಿಗೆ ಕಾಣಂಗಿಲ್ಲ."

ಬೀರಲಿಂಗಪ್ಪ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಇದನ್ನ ಬರಕೊಂಡ್ರ ನೀವು ಆರೋಪಿ ಆಗ್ತೀರಿ. ನಿಮ್ಮ ಹೆಸರು ಈ ಕಾಗದದಾಗ ಎಲ್ಲೂ ಇಲ್ಲ ಇಲ್ಲೀತನ. ತಿಳದು ಹೇಳಾಕತ್ತೀರಿ ಹೌದಲ್ಲೋ?"

ವಿಜಯಮಹಾಂತೇಶ ಕುರ್ಚಿಯಲ್ಲಿ ಅಲುಗಾಡಿದ. ಭುವನಾ ಹೌದೆಂದಳು. ಸೈರನ್ ವಿಷಯವನ್ನೂ ಹೇಳಿದಳು. ಸರ್ವರಿನಲ್ಲಿದ್ದ ಅಂಕಿಗಳನ್ನು ತೆಗೆದುಕೊಟ್ಟಳು. ಅವರು ಬರೆದು ಮುಗಿಸಿ ಓದಿ ಹೇಳಿದಾಗ ಅದರಲ್ಲಿ ಕ್ಯಾಶಿಂಗ್ ಎಂಬ ಪದ ಎಲ್ಲೂ ಇರಲಿಲ್ಲ. ಹಳೆಯ ಚಿತ್ರವನ್ನು ಹೊಸದೆಂದು ತೋರಿಸುವ ವ್ಯವಸ್ಥೆ ಮಾಡಿದ್ದೆನು ಎಂದಿತ್ತು. ಆಕೆ ಸಹಿ ಹಾಕಿದಳು.

ಅಲ್ಲಿಂದ ನೇರವಾಗಿ ಆಸ್ಪತ್ರೆಗೆ ಹೋಗಿ ಶಾಕೀರನಿಗೆ ಹೇಳಿದಳು. ಅವನು, "ಹಸ್ರೇ ಇತ್ತು ಹಂಗಾರ" ಅಂದ. ಸಮಾಧಾನವೂ ಇರಲಿಲ್ಲ, ಸಿಟ್ಟೂ ಇರಲಿಲ್ಲ ಆ ದನಿಯಲ್ಲಿ. ಪಟ್ಟಿಯ ಕೆಳಗಿನಿಂದ ನೀರು ಇಳಿದು ಕಿವಿಯವರೆಗೆ ಹೋಯಿತು. ಅಳುತ್ತಿದ್ದನೋ ಔಷಧವೋ ತಿಳಿಯಲಿಲ್ಲ. "ನಿನ್ನೆ ಯಾಕ ಹೇಳಲಿಲ್ಲರಿ ಮೇಡಂರ? ನಿನ್ನೆ ಇಡೀ ರಾತ್ರಿ ನಾ ಮೈಲಾರೆಪ್ಪನ ಕೂಡ ಮಾತಾಡಿ ಮಾಫಿ ಕೇಳೇನಿ."

ಭುವನಾ ಸತ್ಯ ಹೇಳಿದ್ದರಿಂದ ಎಲ್ಲ ನೇರವಾಗಲಿಲ್ಲ. ಪ್ರಕರಣದಲ್ಲಿ ಶಂಭುಲಿಂಗ ಮೊದಲನೆಯ ಆರೋಪಿಯಾದ, ಭುವನಾ ಎರಡನೆಯವಳಾದಳು. ಶಾಕೀರನ ಹೆಸರು ತೆಗೆಯುತ್ತಾರೆಂದು ಆಕೆ ಎಣಿಸಿದ್ದು ಸುಳ್ಳಾಯಿತು. ಟಿವಿ ಏನೇ ತೋರಿಸಲಿ, ಒಳಗೆ ಕಳಿಸುವ ಮುನ್ನ ಆಪರೇಟರ್ ಸ್ವತಃ ಹೋಗಿ ಪರೀಕ್ಷಿಸಬೇಕಿತ್ತು ಎಂದು ಅವನನ್ನು ಮೂರನೆಯವನಾಗಿ ಉಳಿಸಿಕೊಂಡರು. ಅವನ ಎಡಗಣ್ಣು ಹೋಯಿತು. ಬಲಗಣ್ಣಿಗೆ ಮಂಜು ಕವಿದಂತೆ ಕಾಣುತ್ತದೆ. ಮಷಿನ್ ರೂಮಿಗೆ ಅವನನ್ನು ಇನ್ನು ಯಾರೂ ಕರೆಯುವುದಿಲ್ಲ. ಶಂಭುಲಿಂಗ ಆಕೆಯ ಜೊತೆ ಮಾತು ಬಿಟ್ಟ. ರಾಣೇಬೆನ್ನೂರಿನಲ್ಲಿ ಮದುವೆಯೊಂದರಲ್ಲಿ ಎದುರಾದಾಗ ಅವನ ಹೆಂಡತಿ ನಿರ್ಮಲಾ ಊಟದ ಎಲೆ ಬಿಟ್ಟು ಎದ್ದು ಹೋದಳು. ಒಂದೊಂದಾಗಿ ಗಿರಾಕಿಗಳು ಕಳಚಿಕೊಂಡರು. ಆಕೆಯೂ ಅವರನ್ನು ತಡೆಯಲಿಲ್ಲ.

ಬೇಸಗೆ ಮುಗಿಯುವ ಹೊತ್ತಿಗೆ ಭುವನಾ ಕುಪ್ಪೇಲೂರಿಗೆ ಹೋದಳು. ಗಂಡ ಬೇಡವೆಂದಿದ್ದ, ವಕೀಲರೂ ಬೇಡವೆಂದಿದ್ದರು. ಮೈಲಾರೆಪ್ಪ ಆ ಊರಿನವನು. ಸುಗ್ಗಿಯಲ್ಲಿ ಬ್ಯಾಡಗಿಯಲ್ಲೇ ಇದ್ದು ದುಡಿದು, ಮಳೆಗಾಲಕ್ಕೆ ಊರಿಗೆ ಬಂದು ತನ್ನ ತುಂಡು ಹೊಲ ಬಿತ್ತುತ್ತಿದ್ದ. ಅವನ ಹೆಂಡತಿ ಭರಮವ್ವ ಅಂಗಳದಲ್ಲಿ ಎಮ್ಮೆಗೆ ಮೇವು ಹಾಕುತ್ತಿದ್ದಳು. ಭುವನಾ ತಾನು ಯಾರೆಂದು ಹೇಳಿದಳು. ಭರಮವ್ವ ಕೈಯಲ್ಲಿದ್ದ ಮೇವನ್ನು ಹಾಕಿ ಮುಗಿಸಿ, ಸೆರಗಿಗೆ ಕೈ ಒರೆಸಿಕೊಂಡು ಹೊಸ್ತಿಲ ಮೇಲೆ ಕುಳಿತಳು.

"ಕುಂದ್ರು ಅಂತ ಅನ್ನಂಗಿಲ್ಲ ನಾ" ಅಂದಳು.

"ಬ್ಯಾಡ್ರಿ."

"ಏನ್ ಹೇಳಾಕ ಬಂದಿ?"

ಭುವನಾ ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತುಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ. "ತಪ್ಪು ನಂದು ಐತ್ರಿ" ಅಂದಳು.

"ಗೊತ್ತೈತಿ. ಪೊಲೀಸ್ರು ಓದಿ ಹೇಳ್ಯಾರ." ಭರಮವ್ವ ಎಮ್ಮೆಯ ಕಡೆ ನೋಡುತ್ತ ಹೇಳಿದಳು. "ಮೊದ್ಲೆಲ್ಲಾ ಅಂವ ಬ್ಯಾಡಗಿಗೆ ಹೋದ್ನಂದ್ರ ನಾ ಹೆದರಕೀಲೆ ಇರ್ತಿದ್ದೆ. ಆ ಗ್ಯಾಸ್ ಕೆಟ್ಟದ್ದಂತ, ಅದ್ಯಾವ್ದೋ ಊರಾಗ ಮಂದಿ ಸತ್ರಂತ, ಬ್ಯಾರೆ ಕಡೆ ದುಡಿ ಅಂತಿದ್ದೆ. ಹೋದ ವರ್ಷ ಬಂದು ಹೇಳ್ದಾ, ಈಗ ಚಿಂತಿಲ್ಲಲೇ, ಟಿವಿ ಹಾಕ್ಯಾರ, ರಾಣೇಬೆನ್ನೂರಿನ ಒಬ್ಬ ಅಕ್ಕಾರು ಮಾಡ್ಯಾರಂತ, ಅಂವಗ ಓದಾಕ ಬರ್ತಿದ್ದಿಲ್ಲ, ಬಣ್ಣ ನೋಡಿದ್ರ ಸಾಕಂತ. ಅವತ್ತಿಂದ ನಾನೂ ಚಿಂತಿ ಬಿಟ್ಟೆ." ಆಮೇಲೆ ಆಕೆ ಭುವನಾಳ ಮುಖವನ್ನು ನೇರವಾಗಿ ನೋಡಿದಳು. "ಆ ಟಿವಿ ಇರದಿದ್ರ ಅಂವ ಮೂಗಿಲೆ ನೋಡಿ ಒಳಗ ಹೋಗ್ತಿದ್ದ. ಇಪ್ಪತ್ತು ವರ್ಷ ಹಂಗ ಹೋಗಿ ಬಂದಿದ್ದ."

ಭರಮವ್ವ ಅಳಲಿಲ್ಲ, ಶಪಿಸಲಿಲ್ಲ. ಎದ್ದು ಒಳಗೆ ಹೋಗಿ ಬಾಗಿಲನ್ನು ಮುಂದೆ ಮಾಡಿಕೊಂಡಳು. ಒಳಗೆ ಪಾತ್ರೆ ತೊಳೆಯುವ ಸದ್ದು ಶುರುವಾಯಿತು.

ರಾಣೇಬೆನ್ನೂರಿನ ಬಸ್ಸಿಗೆ ಇನ್ನೂ ಹೊತ್ತಿತ್ತು. ಭುವನಾ ಬಂದು ಬಸ್ಸು ನಿಲ್ಲುವ ಕಟ್ಟೆಯ ಮೇಲೆ ಕುಳಿತಳು. ಪಕ್ಕದಲ್ಲಿ ಒಬ್ಬ ಮುದುಕಿ ಎಲೆಗೆ ಸುಣ್ಣ ಸವರುತ್ತಿದ್ದಳು. ಈಕೆಯನ್ನು ಮೇಲಿಂದ ಕೆಳಗೆ ನೋಡಿ, "ಯಾರ ಮನಿಗೆ ಬಂದಿದ್ದಿ ತಂಗೀ?" ಎಂದು ಕೇಳಿದಳು.

"ಮೈಲಾರೆಪ್ಪನ ಮನಿಗ್ರಿ."

"ಅಯ್ಯ, ಪಾಪ, ಬಂಗಾರದಂಥ ಮನಿಷಾ." ಮುದುಕಿ ಎಲೆ ಮಡಿಚಿ ಬಾಯಿಗಿಟ್ಟುಕೊಂಡಳು. "ಅವರು ನಿನಗ ಏನಾಗಬೇಕು?"

ಭುವನಾ ಉತ್ತರ ಹುಡುಕುತ್ತ ರಸ್ತೆಯ ಕಡೆ ನೋಡಿದಳು. ಮುದುಕಿ ಸ್ವಲ್ಪ ಹೊತ್ತು ಕಾದು ಮುಖ ಆಚೆ ತಿರುಗಿಸಿದಳು. ದೂರದಲ್ಲಿ ಬಸ್ಸಿನ ಧೂಳು ಕಾಣಿಸಿತು.